ಅಣ್ಣಾವ್ರಿಗೆ ಯಾಕೆ ಕೊಡಲಿಲ್ಲ?

2024ರ ಆಗಸ್ಟ್ 16, ಶುಕ್ರವಾರ. ಇಲ್ಲಿ ನ್ಯೂಜೆರ್ಸಿಯಲ್ಲಿ ಬೆಳಗ್ಗೆ, ನಾನಿನ್ನೂ ಕಾಫಿ ಕುಡಿದಿರಲಿಲ್ಲ, ಹಾಸನದಿಂದ ಅಪ್ಪನ ವಾಟ್ಸಾಪ್ ಕಾಲ್ ಬಂತು. "ನೋಡಿದ್ಯೇನೋ? ರಿಷಬ್ ಶೆಟ್ಟಿಗೆ ನ್ಯಾಷನಲ್ ಅವಾರ್ಡು! ಬೆಸ್ಟ್ ಆಕ್ಟರ್! ಕಾಂತಾರಕ್ಕೆ!" ಅಪ್ಪನ ದನಿಯಲ್ಲಿ ಅಷ್ಟು ಖುಷಿ ಕೇಳಿ ತುಂಬಾ ದಿನ ಆಗಿತ್ತು. ಆದರೆ ಆ ಖುಷಿ ಒಂದು ನಿಮಿಷವೂ ಬಾಳಲಿಲ್ಲ. "ಅಣ್ಣಾವ್ರಿಗೆ ಮಾತ್ರ ಕೊಡ್ಲಿಲ್ಲ ನೋಡು. ಕೊಟ್ಟಿದ್ದು ಹಾಡಿದ್ದಕ್ಕೆ!"

ಇಲ್ಲೇ ಹುಟ್ಟಿ ಬೆಳೆದ ಓದುಗರಿಗೆ ಒಂದು ಮಾತು: ಕರ್ನಾಟಕದಲ್ಲಿ 'ಅಣ್ಣಾವ್ರು' ಅಂದರೆ ಡಾ. ರಾಜ್‌ಕುಮಾರ್. 1954ರ 'ಬೇಡರ ಕಣ್ಣಪ್ಪ'ದಿಂದ ಶುರುಮಾಡಿ 200ಕ್ಕೂ ಹೆಚ್ಚು ಚಿತ್ರಗಳಲ್ಲಿ ನಾಯಕ. ಪದ್ಮಭೂಷಣ ಬಂತು, ದಾದಾಸಾಹೇಬ್ ಫಾಲ್ಕೆ ಬಂತು. ಆದರೆ ಭಾರತ ಸರ್ಕಾರದ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ನಟ ಅನ್ನೋದು ಒಮ್ಮೆಯೂ ಬರಲಿಲ್ಲ. 1992ರ ಚಿತ್ರಗಳಿಗೆ ಕೊಟ್ಟ 40ನೇ ಪ್ರಶಸ್ತಿಗಳಲ್ಲಿ 'ಜೀವನ ಚೈತ್ರ'ದ ಹಾಡಿಗಾಗಿ ಅತ್ಯುತ್ತಮ ಹಿನ್ನೆಲೆ ಗಾಯಕ ಪ್ರಶಸ್ತಿ ಸಿಕ್ಕಿತು. ನಮ್ಮ ಮನೆಯಲ್ಲಿ ಇದು ಊಟದ ಮಧ್ಯೆ, ಮದುವೆ ಮನೆಯಲ್ಲಿ, ಬಸ್ಸಿಗೆ ಕಾಯುವಾಗ, ಎಲ್ಲೆಂದರಲ್ಲಿ ಎದ್ದು ಬರುತ್ತಿದ್ದ ವಿಷಯ. ದೆಹಲಿಯವರು ಕನ್ನಡಕ್ಕೆ ಅನ್ಯಾಯ ಮಾಡ್ತಾರೆ ಅನ್ನೋದಕ್ಕೆ ಅಪ್ಪನ ಹತ್ತಿರ ಇದ್ದ ಮೊದಲನೇ ಸಾಕ್ಷಿ.

ಹೋದ ಎಪಿಸೋಡಿನಲ್ಲಿ ಈ ಕಥೆ ಶುರುಮಾಡಿ, ಸಮಯ ಸಾಲದೆ ಅರ್ಧಕ್ಕೆ ಬಿಟ್ಟಿದ್ದೆ. ಉಳಿದಿದ್ದು ಇಲ್ಲಿದೆ.

ನನ್ನ ಕೆಲಸ ಡೇಟಾ. ಹಾಗಾಗಿ ಆ ವಾರಾಂತ್ಯ ಕೂತು ಒಂದು ಶೀಟ್ ಮಾಡಿದೆ. ವರ್ಷ, ಗೆದ್ದ ನಟ, ಚಿತ್ರ, ಭಾಷೆ, ಅದರ ಪಕ್ಕದ ಕಾಲಂನಲ್ಲಿ ಆ ವರ್ಷ ಬಂದ ರಾಜ್‌ಕುಮಾರ್ ಚಿತ್ರಗಳು. ಅಪ್ಪನ ಮಾತನ್ನ ಅಂಕಿಅಂಶದಲ್ಲಿ ಸಾಬೀತು ಮಾಡಿ, ಪ್ರಿಂಟ್ ಹಾಕಿಸಿ, ಅವರ ಹುಟ್ಟುಹಬ್ಬಕ್ಕೆ ಕಳಿಸೋಣ ಅನ್ನೋದು ನನ್ನ ಲೆಕ್ಕಾಚಾರ.

ಮೊದಲ ತೊಡಕು ಶುರುವಿನಲ್ಲೇ ಬಂತು. ರಾಷ್ಟ್ರೀಯ ಪ್ರಶಸ್ತಿಗಳು 1954ರಲ್ಲಿ ಶುರುವಾದಾಗ ನಟರಿಗೆ ಪ್ರಶಸ್ತಿಯೇ ಇರಲಿಲ್ಲ! ಕೊಡುತ್ತಿದ್ದದ್ದು ಚಿತ್ರಕ್ಕೆ ಮಾತ್ರ. ನಟನೆಗೆ ಮೊದಲ ಬಾರಿ ಕೊಟ್ಟಿದ್ದು 1967ರ ಚಿತ್ರಗಳಿಗೆ; ಬಂಗಾಳಿಯ ಉತ್ತಮ್ ಕುಮಾರ್ ಮತ್ತು 'ರಾತ್ ಔರ್ ದಿನ್' ಚಿತ್ರದ ನರ್ಗಿಸ್ ಅವರಿಗೆ. ಅಂದರೆ ರಾಜ್‌ಕುಮಾರ್ ಅವರ ಮೊದಲ ಹದಿಮೂರು ವರ್ಷ, 'ಬೇಡರ ಕಣ್ಣಪ್ಪ', 'ಸಂಧ್ಯಾರಾಗ' ಎಲ್ಲ ಸೇರಿ, ಲೆಕ್ಕದಿಂದಲೇ ಹೊರಗೆ. ಕೊಡದಿದ್ದದ್ದು ಬೇರೆ, ಕೊಡೋಕೆ ಏನೂ ಇಲ್ಲದಿದ್ದದ್ದು ಬೇರೆ.

ಸರಿ, 1967ರಿಂದ ಲೆಕ್ಕ ಹಾಕೋಣ. ಅಲ್ಲಿಂದ 1992ರವರೆಗೆ, ಅಂದರೆ ಅಣ್ಣಾವ್ರು ಗಾಯಕರಾಗಿ ಗೆದ್ದ ವರ್ಷದವರೆಗೆ, ಒಟ್ಟು 26 ಸಾಲು. ಅತ್ಯುತ್ತಮ ನಟ ಹಿಂದಿಗೆ 12 ಬಾರಿ, ಮಲಯಾಳಂಗೆ 6, ತಮಿಳು ಮತ್ತು ಬಂಗಾಳಿಗೆ ಮೂರು ಮೂರು, ಕನ್ನಡಕ್ಕೆ 2. ತೆಲುಗಿಗೆ ಸೊನ್ನೆ. ಹೌದು, ಸೊನ್ನೆ. ತೆಲುಗಿಗೆ ಮೊದಲ ಅತ್ಯುತ್ತಮ ನಟ ಪ್ರಶಸ್ತಿ ಬಂದಿದ್ದು 2021ರ 'ಪುಷ್ಪ'ಕ್ಕೆ, ಅಲ್ಲು ಅರ್ಜುನ್‌ಗೆ.

ಈ ಅಂಕಿ ನೋಡಿದಾಗ ನನಗೆ ಸ್ವಲ್ಪ ಪೆಚ್ಚಾಯಿತು. ಹಿಂದಿಗೆ ಜಾಸ್ತಿ, ನಿಜ. ಆದರೆ ದೆಹಲಿಗೆ ದಕ್ಷಿಣದವರನ್ನ ಕಂಡರೆ ಆಗಲ್ಲ ಅನ್ನೋಣ ಅಂದರೆ ಮಲಯಾಳಂ ಅಡ್ಡ ಬರುತ್ತೆ. ಹಿಂದಿಯವರಿಗೆ ಎಲ್ಲ ಸಲೀಸು ಅನ್ನೋಣ ಅಂದರೆ ದಿಲೀಪ್ ಕುಮಾರ್‌ಗೆ ಈ ಪ್ರಶಸ್ತಿ ಜೀವಮಾನದಲ್ಲೇ ಬಂದಿಲ್ಲ. ತಮಿಳಿನ ಶಿವಾಜಿ ಗಣೇಶನ್‌ಗೂ ಅತ್ಯುತ್ತಮ ನಟ ಬರಲಿಲ್ಲ. ತಮಾಷೆ ನೋಡಿ, ಅಣ್ಣಾವ್ರಿಗೆ ಹಾಡಿಗೆ ಕೊಟ್ಟರಲ್ಲ, ಅದೇ 40ನೇ ಪ್ರಶಸ್ತಿಗಳಲ್ಲಿ 'ತೇವರ್ ಮಗನ್' ಚಿತ್ರಕ್ಕಾಗಿ ಶಿವಾಜಿಯವರಿಗೆ ತೀರ್ಪುಗಾರರ ವಿಶೇಷ ಪ್ರಶಸ್ತಿ ಅಂತ ಘೋಷಿಸಿದರು. ಇಬ್ಬರು ದಿಗ್ಗಜರು, ಇಬ್ಬರಿಗೂ ಪಕ್ಕದ ಬಾಗಿಲು. ಆ ವರ್ಷದ ಅತ್ಯುತ್ತಮ ನಟ 'ತಹಾದೇರ್ ಕಥಾ' ಎಂಬ ಬಂಗಾಳಿ ಚಿತ್ರದ ಮಿಥುನ್ ಚಕ್ರವರ್ತಿ. ನನ್ನ ಚೆನ್ನೈನ ಸಹೋದ್ಯೋಗಿಗೆ ಇದನ್ನ ಹೇಳಿದಾಗ ಅವನು ನಕ್ಕುಬಿಟ್ಟ. ಅವರ ಮನೆಯಲ್ಲೂ ಇದೇ ಮಾತು, ಹೆಸರು ಮಾತ್ರ ಬೇರೆಯಂತೆ.

ಹಾಗಾದರೆ ಗೆದ್ದವರು ಯಾರು? ಆ ಪಟ್ಟಿಯನ್ನ ನಿಧಾನವಾಗಿ ಓದಿದರೆ ಒಂದು ವಾಸನೆ ಬರುತ್ತೆ. 'ಭುವನ್ ಶೋಮ್', 'ನಿರ್ಮಾಲ್ಯಂ', 'ಅಂಕುರ್', 'ಚೋಮನ ದುಡಿ', 'ಮೃಗಯಾ', 'ಕೊಡಿಯೇಟ್ಟಂ', 'ಸ್ಪರ್ಶ್', 'ಅರ್ಧ್ ಸತ್ಯ', 'ಪಾರ್', 'ತಬರನ ಕಥೆ', 'ಪಿರವಿ'. ಹೊಸ ಅಲೆಯ ಚಿತ್ರಗಳು ಅಂತ ನಾವು ಕರೀತೀವಲ್ಲ, ಬಹುಪಾಲು ಅವೇ. ಹಾಡು ಕಡಿಮೆ ಅಥವಾ ಇಲ್ಲವೇ ಇಲ್ಲ, ಮಾತೂ ಕಡಿಮೆ, ಊರು ಮಾತ್ರ ನಿಜವಾದ್ದು. ಆ ಕಾಲದ ಕನ್ನಡದ ಗೆಲುವುಗಳನ್ನೇ ನೋಡಿ. 1973ರಲ್ಲಿ 'ಕಾಡು' ಚಿತ್ರಕ್ಕೆ ನಂದಿನಿ ಭಕ್ತವತ್ಸಲ ಅತ್ಯುತ್ತಮ ನಟಿ. ಶ್ರೀಕೃಷ್ಣ ಆಲನಹಳ್ಳಿಯವರ ಕಾದಂಬರಿ. 1975ರಲ್ಲಿ 'ಚೋಮನ ದುಡಿ'ಗೆ ಎಂ.ವಿ. ವಾಸುದೇವರಾವ್, ಶಿವರಾಮ ಕಾರಂತರ ಕಾದಂಬರಿ, ಬಿ.ವಿ. ಕಾರಂತರ ನಿರ್ದೇಶನ. 1986ರಲ್ಲಿ 'ತಬರನ ಕಥೆ'ಗೆ ಚಾರುಹಾಸನ್. ತೇಜಸ್ವಿಯವರ ಕಥೆ, ಗಿರೀಶ್ ಕಾಸರವಳ್ಳಿಯವರ ಚಿತ್ರ. ಮೂರೂ ಸಾಹಿತ್ಯದಿಂದ ಬಂದವು.

ಅಂದರೆ ದೆಹಲಿ ಕನ್ನಡವನ್ನ ನೋಡಿತ್ತು. ನೋಡಿದ್ದು ಒಂದು ಬಗೆಯ ಕನ್ನಡವನ್ನ. 1975ರ ಸಾಲಿನಲ್ಲೇ ಇದು ಎದ್ದು ಕಾಣುತ್ತೆ. ಆ ವರ್ಷ ಒಂದು ಕಡೆ ಕದಂಬರ ರಾಜನಾಗಿ 'ಮಯೂರ'ದಲ್ಲಿ ರಾಜ್‌ಕುಮಾರ್. ಇನ್ನೊಂದು ಕಡೆ ಉಳೋಕೆ ಒಂದು ತುಂಡು ಭೂಮಿ ಬೇಕು ಅಂತ ಹಂಬಲಿಸಿ, ಜಾತಿಯ ಕಾರಣಕ್ಕೆ ಅದು ಸಿಗದೆ, ಕೊನೆಗೆ ದುಡಿ ಬಾರಿಸುತ್ತಲೇ ಮುಗಿದು ಹೋಗುವ ಚೋಮನಾಗಿ ವಾಸುದೇವರಾವ್. ಇಬ್ಬರೂ ರಂಗಭೂಮಿಯಿಂದಲೇ ಬಂದವರು. ವಾಸುದೇವರಾವ್‌ಗೆ ಬಂದಿದ್ದು ಅನ್ಯಾಯ ಅಂತ ಯಾರು ಹೇಳೋಕಾಗುತ್ತೆ? ಅಪ್ಪನೂ ಹೇಳಲ್ಲ.

ಇಲ್ಲಿ ನನ್ನ ಅಕ್ಕನ ಮಗಳನ್ನ ಕರೆತರಬೇಕು. ಅವಳಿಗೆ ಹದಿನೈದು ವರ್ಷ, ಹುಟ್ಟಿದ್ದು ಇಲ್ಲೇ. ಮನೆ ಮಾತು ಅರ್ಥವಾಗುತ್ತೆ, ಉತ್ತರ ಅರ್ಧ ಕನ್ನಡದಲ್ಲಿ ಕೊಡ್ತಾಳೆ. ಒಂದು ಭಾನುವಾರ ಅವಳನ್ನ ಕೂರಿಸಿಕೊಂಡು 1977ರ 'ಬಬ್ರುವಾಹನ' ಹಾಕಿದೆ. ಅರ್ಜುನ, ಬಬ್ರುವಾಹನ ಎರಡೂ ರಾಜ್‌ಕುಮಾರ್. ಅಪ್ಪ ಮಗ ಎದುರುಬದುರು ನಿಂತು ಮಾತಿನಲ್ಲೇ ಯುದ್ಧ ಮಾಡೋ ಆ ದೃಶ್ಯ ಕರ್ನಾಟಕದಲ್ಲಿ ಬೆಳೆದವರಿಗೆಲ್ಲ ಬಾಯಿಪಾಠ. ನನಗೆ ಮೈ ಜುಮ್ಮೆನ್ನುತ್ತಿದೆ. ಅವಳು ಸಬ್‌ಟೈಟಲ್ ಓದ್ತಾ ಇದ್ದಾಳೆ. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು: "ಮಾಮ, ಅವ್ರು ಅಷ್ಟೊತ್ತು ಮಾತಾಡಿದ್ರು. ಕೆಳಗೆ ಬಂದಿದ್ದು ಒಂದೇ ಲೈನು. ಮಿಕ್ಕಿದ್ದು ಎಲ್ಲಿ ಹೋಯ್ತು?"

ಮಿಕ್ಕಿದ್ದು ಎಲ್ಲಿ ಹೋಯ್ತು ಅನ್ನೋದೇ ನನ್ನ ಶೀಟ್‌ನಲ್ಲಿ ಇಲ್ಲದ ಕಾಲಂ. ರಾಜ್‌ಕುಮಾರ್ ನಟನೆಯ ಮುಕ್ಕಾಲು ಪಾಲು ಅವರ ಮಾತಿನಲ್ಲಿತ್ತು. ಕಂಪನಿ ನಾಟಕದಲ್ಲಿ ಪಳಗಿದ ನಾಲಗೆ. ಮಹಾಪ್ರಾಣವನ್ನ ಒತ್ತಿ ಹೇಳುವ ರೀತಿ, ಒಂದು ಉದ್ದ ವಾಕ್ಯವನ್ನ ಎಲ್ಲಿ ಏರಿಸಿ ಎಲ್ಲಿ ಇಳಿಸಬೇಕು ಅನ್ನೋ ಲೆಕ್ಕ, ಪೌರಾಣಿಕದಲ್ಲಿ ಒಂದು ಕನ್ನಡ, 'ಬಂಗಾರದ ಮನುಷ್ಯ'ದ ರಾಜೀವಪ್ಪನಿಗೆ ಇನ್ನೊಂದು ಕನ್ನಡ. ಭಾಷೆ ಗೊತ್ತಿಲ್ಲದ ತೀರ್ಪುಗಾರನಿಗೆ ಇದರಲ್ಲಿ ಎಷ್ಟು ತಲುಪುತ್ತೆ? ಅವನಿಗೆ ಕಾಣೋದು ಕಿರೀಟ, ಮೀಸೆ, ಜೋರು ದನಿ, ಕೆಳಗೆ ಒಂದು ಸಾಲು ಇಂಗ್ಲಿಷು. ಮುಖ, ಮೈ, ಮೌನ ಮಾತ್ರ ಯಾವ ಭಾಷೆಯವರಿಗೂ ಪೂರ್ತಿ ತಲುಪುತ್ತವೆ. ಎರಡು ವಾರ ಬಿಟ್ಟು ಅದೇ ಹುಡುಗಿಗೆ 'ಚೋಮನ ದುಡಿ' ತೋರಿಸಿದೆ. ಕೊನೆಯ ದೃಶ್ಯದಲ್ಲಿ ಅವಳು ಕೆಳಗೆ ಓದ್ತಾನೇ ಇರಲಿಲ್ಲ.

ಈ ಕಣ್ಣಿನಿಂದ ಶೀಟ್ ಮತ್ತೆ ನೋಡಿದೆ. 'ಬಂಗಾರದ ಮನುಷ್ಯ' ಬಂದ 1972ರಲ್ಲಿ ಗೆದ್ದವರು ಸಂಜೀವ್ ಕುಮಾರ್, 'ಕೋಶಿಶ್' ಚಿತ್ರಕ್ಕೆ. ಅದರಲ್ಲಿ ಅವರದ್ದು ಮಾತು ಬಾರದ, ಕಿವಿ ಕೇಳದವನ ಪಾತ್ರ. ಇಡೀ ಚಿತ್ರದಲ್ಲಿ ಒಂದು ಡೈಲಾಗ್ ಇಲ್ಲ! 'ಬಬ್ರುವಾಹನ' ಬಂದ 1977ರಲ್ಲಿ ಗೆದ್ದವರು ಗೋಪಿ, 'ಕೊಡಿಯೇಟ್ಟಂ'ಗೆ. ಹಿನ್ನೆಲೆ ಸಂಗೀತವೂ ಇಲ್ಲದ ಚಿತ್ರ ಅದು. ನಟಿಯರ ಕಡೆ ಬಂದರೆ 1993ರಲ್ಲಿ ಮಲಯಾಳಂನ 'ಮಣಿಚಿತ್ರತ್ತಾಳ್'ಗೆ ಶೋಭನಾ ಗೆದ್ದರು (ನಮ್ಮ 'ಆಪ್ತಮಿತ್ರ'ದ ಮೂಲ ಅದು). ಅದ್ಭುತವಾದ ನಟನೆ, ಎರಡು ಮಾತಿಲ್ಲ. ಆದರೆ ಆ ಪಾತ್ರದಲ್ಲಿ ಕೇಳುವ ದನಿ ಅವರದ್ದಲ್ಲ, ಡಬ್ಬಿಂಗ್ ಕಲಾವಿದರದ್ದು. ಬಹುಮಾನ ಕೊಟ್ಟವರು ಕಣ್ಣಿನಿಂದ ನೋಡಿ ಕೊಟ್ಟರು. ಇನ್ನು 1990ರಲ್ಲಿ 'ಅಗ್ನೀಪಥ್'ಗೆ ಅಮಿತಾಭ್ ಬಚ್ಚನ್. ಅದರಲ್ಲಿ ಅವರು ಬದಲಿಸಿಕೊಂಡ ದನಿಯೇ ದೊಡ್ಡ ಚರ್ಚೆಯಾಗಿತ್ತು. ಹಿಂದಿಯ ದನಿ ದೆಹಲಿಗೆ ಕೇಳಿಸುತ್ತೆ.

ನನ್ನ ಈ ವಾದದಲ್ಲಿ ತೂತುಗಳಿವೆ. ಕಮಲ್ ಹಾಸನ್ 1987ರಲ್ಲಿ 'ನಾಯಕನ್'ಗೆ ಗೆದ್ದಿದ್ದು ಅದರಲ್ಲಿ ಸರಿಯಾಗಿ ಕೂರಲ್ಲ. 1971 ಅಂತೂ ಕೂರೋದೇ ಇಲ್ಲ. ಆ ವರ್ಷ 'ಕಸ್ತೂರಿ ನಿವಾಸ' ಬಂದಿತ್ತು. ಅದೇ ಪಾತ್ರವನ್ನ ಮುಂದೆ ಹಿಂದಿಯಲ್ಲಿ ಸಂಜೀವ್ ಕುಮಾರ್, ತಮಿಳಿನಲ್ಲಿ ಶಿವಾಜಿ ಗಣೇಶನ್ ಮಾಡಿದರು. ಒಂದೇ ಪಾತ್ರ, ಮೂರು ಭಾಷೆ, ಮೂರು ಘಟಾನುಘಟಿಗಳು. ನನ್ನಂಥವನಿಗೆ ಇದಕ್ಕಿಂತ ಒಳ್ಳೆ ಪ್ರಯೋಗ ಸಿಗಲ್ಲ. ಆದರೆ 1971ರ ಅತ್ಯುತ್ತಮ ನಟ ಎಂ.ಜಿ. ರಾಮಚಂದ್ರನ್, ಚಿತ್ರ 'ರಿಕ್ಷಾಕಾರನ್'. ಎಂಜಿಆರ್ ಆಗ ಡಿಎಂಕೆಯ ದೊಡ್ಡ ನಾಯಕರು, ಶಾಸಕರು. ಅದೇ 1971ರ ಲೋಕಸಭಾ ಚುನಾವಣೆಯಲ್ಲಿ ಡಿಎಂಕೆ ಇಂದಿರಾ ಗಾಂಧಿಯವರ ಕಾಂಗ್ರೆಸ್ ಜೊತೆ ಕೈಜೋಡಿಸಿತ್ತು. ಪ್ರಶಸ್ತಿ ರಾಜಕೀಯದ್ದು ಅನ್ನೋ ಟೀಕೆ ಆಗಲೇ ಎದ್ದಿತ್ತು. ನಮ್ಮ ಮನೆಯಲ್ಲಿ ಅದು ಇನ್ನೂ ಕೂತಿಲ್ಲ.

ಇದೇ ಥರ ಮುಂದೆಯೂ ಆಗಿದೆ. 2016ರ ಚಿತ್ರಗಳಿಗೆ ಅಕ್ಷಯ್ ಕುಮಾರ್ 'ರುಸ್ತುಂ'ಗೆ ಗೆದ್ದಾಗ ತೀರ್ಪುಗಾರರ ಅಧ್ಯಕ್ಷರು ಪ್ರಿಯದರ್ಶನ್. 'ಹೇರಾ ಫೇರಿ'ಯಿಂದ ಹಿಡಿದು ಅಕ್ಷಯ್ ಜೊತೆ ಹಲವು ಚಿತ್ರ ಮಾಡಿದವರು. ಕೇಳಿದ್ದಕ್ಕೆ ಅವರು ಕೊಟ್ಟ ಉತ್ತರದ ಸಾರಾಂಶ ಇಷ್ಟು: ರಮೇಶ್ ಸಿಪ್ಪಿ ಅಧ್ಯಕ್ಷರಾಗಿದ್ದಾಗ ಅಮಿತಾಭ್‌ಗೆ ಬಂತು, ಪ್ರಕಾಶ್ ಝಾ ಇದ್ದಾಗ ಅಜಯ್ ದೇವಗನ್‌ಗೆ ಬಂತು, ಆಗ ಯಾರೂ ಕೇಳಲಿಲ್ಲ, ಈಗ ಯಾಕೆ ಕೇಳ್ತೀರಿ? ನನಗೆ ಇದು ಸಮರ್ಥನೆಗಿಂತ ತಪ್ಪೊಪ್ಪಿಗೆ ಥರ ಕೇಳಿಸಿತು. ಆದರೆ ಒಂದು ಮಾತು ಒಪ್ಪಬೇಕು. ನೂರಾರು ಜನರೂ ಇಲ್ಲದ ಒಂದು ವೃತ್ತಿಯ ತುದಿಯಲ್ಲಿ ಎಲ್ಲರೂ ಎಲ್ಲರ ಜೊತೆ ಕೆಲಸ ಮಾಡಿರ್ತಾರೆ. ಸಂಬಂಧವೇ ಇಲ್ಲದವರನ್ನ ಹುಡುಕಿದರೆ ಸಿನಿಮಾ ಗೊತ್ತಿಲ್ಲದವರು ಸಿಗ್ತಾರೆ.

2004ರ ಸಾಲು ನನ್ನನ್ನ ಬೇರೆ ರೀತಿಯಲ್ಲಿ ಚುಚ್ಚಿತು. ಆ ವರ್ಷ 'ಸ್ವದೇಸ್'ನ ಶಾರುಖ್ ಖಾನ್‌ಗೆ ಬರುತ್ತೆ ಅಂತ ಅಭಿಮಾನಿಗಳು ಕಾಯುತ್ತಿದ್ದರು, ಬಂದಿದ್ದು 'ಹಮ್ ತುಮ್'ನ ಸೈಫ್ ಅಲಿ ಖಾನ್‌ಗೆ. ಅವರ ತಾಯಿ ಶರ್ಮಿಳಾ ಟ್ಯಾಗೋರ್ ಆಗ ಸೆನ್ಸಾರ್ ಮಂಡಳಿಯ ಅಧ್ಯಕ್ಷೆ. ಸೆನ್ಸಾರ್ ಮಂಡಳಿಗೂ ಪ್ರಶಸ್ತಿ ಸಮಿತಿಗೂ ಸಂಬಂಧವಿಲ್ಲ, ಆದರೆ ಎರಡೂ ಒಂದೇ ವಾರ್ತಾ ಮತ್ತು ಪ್ರಸಾರ ಸಚಿವಾಲಯದ ಕೆಳಗೆ. ಸಾಕಲ್ಲ, ಇವತ್ತಿಗೂ ಅದರ ಬಗ್ಗೆ ಜೋಕ್ ಮಾಡ್ತಾರೆ. ನಾನೂ ಮಾಡಿದ್ದೀನಿ. ಆದರೆ ಅದೇ ವರ್ಷ ಅತ್ಯುತ್ತಮ ನಟಿ ಯಾರು? 'ಹಸೀನಾ' ಚಿತ್ರದ ನಮ್ಮ ತಾರಾ. ಬಾನು ಮುಷ್ತಾಕ್ ಅವರ ಕಥೆ, ಕಾಸರವಳ್ಳಿಯವರ ಚಿತ್ರ. ತಾರಾ ಅವರಿಗೆ ಬಂದಾಗ ನಮ್ಮ ಮನೆಯಲ್ಲಿ ಸಿಹಿ ಹಂಚಿದ್ದು ನೆನಪಿದೆ. ಸೈಫ್ ವಿಷಯದಲ್ಲಿ ಸಮಿತಿ ಸರಿಯಿಲ್ಲ, ತಾರಾ ವಿಷಯದಲ್ಲಿ ಅದೇ ಸಮಿತಿಗೆ ಕಣ್ಣು ಚೆನ್ನಾಗಿದೆ ಅಂತ ಇಪ್ಪತ್ತು ವರ್ಷದಿಂದ ನಂಬಿಕೊಂಡು ಬಂದಿದ್ದೀವಲ್ಲ! (ಶಾರುಖ್‌ಗೆ ಕೊನೆಗೆ 2023ರ 'ಜವಾನ್'ಗೆ ಬಂತು, ವಿಕ್ರಾಂತ್ ಮ್ಯಾಸಿ ಜೊತೆ ಹಂಚಿಕೊಂಡು. ಆ ಬಾರಿ ಸಮಿತಿಯ ಅಧ್ಯಕ್ಷರು ಅಶುತೋಷ್ ಗೋವಾರಿಕರ್, 'ಸ್ವದೇಸ್' ಮಾಡಿದವರೇ.)

ನಾನಿರೋ ಈ ದೇಶದಲ್ಲಿ ಇದಕ್ಕೆ ಬೇರೆ ದಾರಿ ಹುಡುಕಿಕೊಂಡರು. ಆಸ್ಕರ್ 1929ರಲ್ಲಿ ಶುರುವಾದಾಗ ಅಲ್ಲೂ ಕೊನೆಯ ತೀರ್ಮಾನ ಬೆರಳೆಣಿಕೆಯ ತೀರ್ಪುಗಾರರದ್ದೇ. 1930ರಲ್ಲಿ ಮೇರಿ ಪಿಕ್‌ಫೋರ್ಡ್ ಗೆದ್ದಾಗ, ಅವರು ಆ ತೀರ್ಪುಗಾರರನ್ನ ಮನೆಗೆ ಟೀ ಕುಡಿಯೋಕೆ ಕರೆದಿದ್ದರು ಅನ್ನೋ ಮಾತು ಹಾಲಿವುಡ್ಡಿನಲ್ಲಿ ಈಗಲೂ ಓಡಾಡುತ್ತೆ. ಆಮೇಲೆ ಎಲ್ಲ ಸದಸ್ಯರಿಗೂ ಮತ ಕೊಟ್ಟರು. 1935ರಲ್ಲಿ ಬೆಟಿ ಡೇವಿಸ್ ಹೆಸರು ನಾಮನಿರ್ದೇಶನದಲ್ಲಿ ಇಲ್ಲದೆ ದೊಡ್ಡ ಗಲಾಟೆಯಾಗಿ, ಪಟ್ಟಿಯಲ್ಲಿ ಇಲ್ಲದ ಹೆಸರನ್ನೂ ಬರೆದು ಮತ ಹಾಕಬಹುದು ಅಂದರು. ಆದರೂ ಅವರು ಗೆಲ್ಲಲಿಲ್ಲ. ಅದಾದ ಮೇಲೆಯೇ ಎಣಿಕೆಯನ್ನ ಪ್ರೈಸ್ ವಾಟರ್‌ಹೌಸ್ ಎಂಬ ಲೆಕ್ಕಪರಿಶೋಧಕರ ಕಂಪನಿಗೆ ವಹಿಸಿದ್ದು. ಮುಂದಿನ ವರ್ಷ ಡೇವಿಸ್ ಬೇರೊಂದು ಚಿತ್ರಕ್ಕೆ ಗೆದ್ದರು. ಹಳೇ ಬಾಕಿ ತೀರಿಸಿದರು ಅಂತ ಜನ ಆಡಿಕೊಂಡರು. ಹಳೇ ಬಾಕಿ ತೀರಿಸೋದು ನಮ್ಮ ಕಡೆಯ ರೂಢಿ ಮಾತ್ರ ಅಂದುಕೊಂಡಿದ್ದೆ.

ಸಾವಿರಾರು ಮತ, ಪಕ್ಕಾ ಎಣಿಕೆ. ಆದರೆ ಮತ ಹಾಕೋರು ಯಾರು? 2012ರಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ಹುಡುಕಿ ನೋಡಿದಾಗ ಸದಸ್ಯರಲ್ಲಿ ಸುಮಾರು ನೂರಕ್ಕೆ 94 ಬಿಳಿಯರು, 77 ಗಂಡಸರು. 2015, 2016 ಎರಡೂ ವರ್ಷ ನಟನೆಯ ಇಪ್ಪತ್ತಕ್ಕೆ ಇಪ್ಪತ್ತು ನಾಮನಿರ್ದೇಶನ ಬಿಳಿಯರಿಗೇ ಹೋಗಿ ರಂಪವಾಯಿತು. ಅದಕ್ಕಿಂತ ನನಗೆ ನಗು ತರಿಸಿದ್ದು 2025ರ ಏಪ್ರಿಲ್‌ನ ಒಂದು ಹೊಸ ನಿಯಮ: ಇನ್ನು ಮೇಲೆ ಒಂದು ವಿಭಾಗದಲ್ಲಿ ಕೊನೆಯ ಸುತ್ತಿನ ಮತ ಹಾಕಬೇಕಾದರೆ ಆ ವಿಭಾಗದ ಎಲ್ಲ ಚಿತ್ರಗಳನ್ನೂ ನೋಡಿರಬೇಕು. ಅಂದರೆ ತೊಂಬತ್ತಕ್ಕೂ ಹೆಚ್ಚು ವರ್ಷ ನೋಡದೇ ಮತ ಹಾಕಬಹುದಿತ್ತು! ನಮ್ಮ ಸಮಿತಿಯವರಾದರೂ ಒಟ್ಟಿಗೆ ಕೂತು ಚಿತ್ರ ನೋಡ್ತಾರೆ.

ನನ್ನ ವೃತ್ತಿಯ ಭಾಷೆಯಲ್ಲಿ ಹೇಳೋದಾದರೆ ಎರಡು ಥರದ ತಕ್ಕಡಿ ಇರುತ್ತೆ. ಒಂದು, ಯಾವಾಗ ತೂಗಿದರೂ ಐವತ್ತು ಗ್ರಾಂ ಕಡಿಮೆ ತೋರಿಸೋದು. ಇನ್ನೊಂದು, ಮುಳ್ಳು ಒಂದು ಕಡೆ ನಿಲ್ಲದೆ ಅಲುಗಾಡ್ತಾ ಇರೋದು. ಆಸ್ಕರ್ ಮೊದಲನೇ ಜಾತಿ: ಸಾವಿರಾರು ಜನರ ಸರಾಸರಿಯಾದ್ದರಿಂದ ಅಲುಗಾಟ ಕಡಿಮೆ, ಆದರೆ ಓರೆ ಇದ್ದರೆ ವರ್ಷ ವರ್ಷವೂ ಅದೇ ಓರೆ. ಭಾರತದ ಸಮಿತಿ ಪ್ರತಿವರ್ಷ ಬದಲಾಗುತ್ತೆ, ಕೈಬೆರಳಲ್ಲಿ ಎಣಿಸುವಷ್ಟು ಜನ, ಹಾಗಾಗಿ ಮುಳ್ಳು ಅಲುಗುತ್ತೆ. ಒಂದು ವರ್ಷ 'ಅರ್ಧ್ ಸತ್ಯ', ಇನ್ನೊಂದು ವರ್ಷ 'ಹಮ್ ತುಮ್'. ಅದರ ಮೇಲೆ ನೇಮಕ ಮಾಡೋದು ಯಾವಾಗಲೂ ಸಚಿವಾಲಯವೇ ಆದ್ದರಿಂದ ಓರೆಯೂ ಸೇರಿಕೊಳ್ಳಬಹುದು. ಅಲುಗಾಟವನ್ನ ಮೋಸ ಅಂತ ತಿಳಿಯೋದು ಸುಲಭ. ನಿಜವಾದ ಓರೆಯನ್ನ ಹುಡುಕೋದು ಕಷ್ಟ, ಯಾಕಂದ್ರೆ ಇಲ್ಲಿ ಕೊನೆ ಸುತ್ತಿನಲ್ಲಿ ಯಾರ್ಯಾರಿದ್ದರು, ಯಾರಿಗೆ ಎಷ್ಟು ಮತ ಬಿತ್ತು ಅಂತ ಪ್ರಕಟಿಸೋ ಪದ್ಧತಿಯೇ ಇಲ್ಲ. ನನಗೆ ತಕರಾರು ಇರೋದು ಮುಖ್ಯವಾಗಿ ಇದರ ಬಗ್ಗೆ. ಐದು ಹೆಸರಿನ ಒಂದು ಪಟ್ಟಿ ಪ್ರತಿ ವರ್ಷ ಹೊರಗೆ ಬಂದಿದ್ದರೆ, 1971ರಲ್ಲಿ 'ಕಸ್ತೂರಿ ನಿವಾಸ' ಆ ಮೇಜಿನ ಮೇಲೆ ಇತ್ತೋ ಇಲ್ಲವೋ ಅಂತ ಅಪ್ಪ ಐವತ್ತು ವರ್ಷ ಊಹೆ ಮಾಡಬೇಕಾಗಿರಲಿಲ್ಲ. ನಿರ್ಮಾಪಕ ಅರ್ಜಿ ಹಾಕಿ ಕಳಿಸದ ಚಿತ್ರವನ್ನ ಸಮಿತಿ ನೋಡೋದೇ ಇಲ್ಲ ಅನ್ನೋದನ್ನೂ ಮರೀಬಾರದು.

ಭಾಷೆಯ ತೊಡಕಿಗೆ ಮದ್ದು ಹುಡುಕಿದ್ದು ತೀರಾ ತಡವಾಗಿ. 2009ರ ಚಿತ್ರಗಳಿಂದ ಎರಡು ಹಂತದ ಆಯ್ಕೆ ಬಂತು. ಮೊದಲು ಐದು ಪ್ರಾದೇಶಿಕ ಸಮಿತಿಗಳು ನೋಡುತ್ತವೆ. ಅವುಗಳ ಅಧ್ಯಕ್ಷರು ಕೇಂದ್ರ ಸಮಿತಿಯಲ್ಲೂ ಕೂರುತ್ತಾರೆ. ಆಮೇಲೆ ಕನ್ನಡಕ್ಕೆ ಎರಡು ಅತ್ಯುತ್ತಮ ನಟ ಪ್ರಶಸ್ತಿ ಬಂದಿವೆ. 2014ರ 'ನಾನು ಅವನಲ್ಲ... ಅವಳು' ಚಿತ್ರಕ್ಕೆ ಸಂಚಾರಿ ವಿಜಯ್. ಸೆನ್ಸಾರ್ ಆದ ತಾರೀಖಿನ ಲೆಕ್ಕವಾದ್ದರಿಂದ ಆ ಚಿತ್ರ ಥಿಯೇಟರಿಗೆ ಬಂದಿದ್ದೇ ಪ್ರಶಸ್ತಿ ಬಂದ ಮೇಲೆ. 2022ರ 'ಕಾಂತಾರ'ಕ್ಕೆ ರಿಷಬ್ ಶೆಟ್ಟಿ. ಹೊಸ ಪದ್ಧತಿಯಿಂದಲೇ ಬಂತು ಅನ್ನೋಕೆ ಎರಡು ಸಾಲು ಸಾಲದು. 'ಕಾಂತಾರ'ದ ಕೊನೆಯ ಇಪ್ಪತ್ತು ನಿಮಿಷ ನೆನಪಿಸಿಕೊಳ್ಳಿ. ಅಲ್ಲಿ ಗೆದ್ದಿದ್ದೂ ಮಾತಲ್ಲ, ಒಂದು ಮೈ ಮತ್ತು ಒಂದು ಕೂಗು.

ಇದೆಲ್ಲವನ್ನ ಅಪ್ಪನಿಗೆ ಫೋನಿನಲ್ಲಿ ವಿವರಿಸಿದೆ. ಪ್ರಿಂಟ್ ಕಳಿಸೋ ಯೋಜನೆ ಕೈಬಿಟ್ಟಿದ್ದೆ. ಅವರು ಪೂರ್ತಿ ಕೇಳಿಸಿಕೊಂಡರು. ದನಿ, ಸಬ್‌ಟೈಟಲ್ ವಿಷಯ ಅವರಿಗೆ ಹಿಡಿಸಿತು. "ಅದಕ್ಕೇ ಕಣೋ ಹಾಡಿಗೆ ಕೊಟ್ಟಿದ್ದು. ಕಿವಿಗೆ ಬಿದ್ದಿದ್ದು ಅದೊಂದೇ," ಅಂದರು. ಆಮೇಲೆ ಕೇಳಿದರು:

"ಸರಿ, 71ರಲ್ಲಿ ಎಂಜಿಆರ್‌ಗೆ ಕೊಟ್ಟಿದ್ದು ಮೋಸ ತಾನೇ?"

"ಹಂಗೇ ಕಾಣುತ್ತೆ ಅಪ್ಪ."

"'ರಿಕ್ಷಾಕಾರನ್' ನೋಡಿದ್ದೀಯಾ?"

"ಇಲ್ಲ. ನೀವು?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. "ಇಲ್ಲ ಕಣೋ," ಅಂದರು. "ಹಾಸನಕ್ಕೆ ಬಂದಿತ್ತು. ಅವತ್ತು ನಾವು 'ಕಸ್ತೂರಿ ನಿವಾಸ'ಕ್ಕೆ ಹೋಗಿದ್ವಿ."

ಚೆನ್ನೈನ ಸಹೋದ್ಯೋಗಿ ಬರೋ ಭಾನುವಾರ ಮನೆಗೆ ಬರ್ತಾ ಇದ್ದಾನೆ, 'ರಿಕ್ಷಾಕಾರನ್' ಹಾಕ್ತೀವಿ. ಅಕ್ಕನ ಮಗಳೂ ಬರ್ತಾಳಂತೆ. ತಮಿಳು ಅವಳಿಗೂ ಬರಲ್ಲ, ನನಗೂ ಬರಲ್ಲ.